ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷ ಮತ್ತು ವಲಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಗೆ ಫೋನ್ ಮಾಡಿದಾಗ ಒಂದು, ಇಲ್ಲಿ ಕನ್ನಡದವರೆಲ್ಲ ಯುಗಾದಿಗೆ ಸೇರಿ ಒಬ್ಬಟ್ಟು ತಿನ್ನುವಾಗ ಇನ್ನೊಂದು, ಮಗನನ್ನು ಮಾಸ್ಟರ್ಸ್‌ಗೆ ಕಳಿಸುವ ಯೋಚನೆಯಲ್ಲಿರುವ ಅಪ್ಪ ಅಮ್ಮಂದಿರ ಮೆಸೇಜುಗಳು ಬೇರೆ. ಹನ್ನೆರಡು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇನೆ, ಹಾಗಾಗಿ ಇಲ್ಲಿನ ರಾಜಕೀಯ ನನಗೆ ಗೊತ್ತಿರಲೇಬೇಕು ಅಂತ ಎಲ್ಲರ ಲೆಕ್ಕ. ಜಾಸ್ತಿ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು.

## ಮೊದಲು ಇಷ್ಟು ತಿಳ್ಕೊಳ್ಳಿ

ಈ ಕನ್ಸರ್ವೇಟಿವ್ ಅಂದ್ರೆ ಅಲ್ಲಿನ ಬಿಜೆಪಿ ಅಲ್ವಾ?

ಈ ಹೋಲಿಕೆ ಅರ್ಧ ದಾರಿವರೆಗೂ ಬರೋದಿಲ್ಲ. ಇದು 1834ರ ಸುಮಾರಿಗೆ ಈಗಿನ ರೂಪಕ್ಕೆ ಬಂದ ಪಕ್ಷ, ಟೋರಿ ಅಂತಲೂ ಕರೆಯುತ್ತಾರೆ. 'ಇರೋದನ್ನ ಉಳಿಸಿಕೊಳ್ಳುವವರು' ಅಂತ ಹೆಸರಿನ ಅರ್ಥ. ಆದರೆ ಏನನ್ನು ಉಳಿಸಿಕೊಳ್ಳಬೇಕು ಅನ್ನೋದು ಮಾತ್ರ ತಲೆಮಾರಿಗೊಮ್ಮೆ ಬದಲಾಗಿದೆ. ಮೊದಲು ಜಮೀನುದಾರರ ಗೋಧಿಯ ಬೆಲೆ ಕಾಯುತ್ತಿದ್ದರು. 1846ರಲ್ಲಿ ಅವರದೇ ಪ್ರಧಾನಿ ರಾಬರ್ಟ್ ಪೀಲ್ ಹೊರಗಿನ ಧಾನ್ಯದ ಮೇಲಿನ ಸುಂಕ ತೆಗೆದರು, ಪಕ್ಷ ಎರಡು ಹೋಳಾಯಿತು. ಆಮೇಲೆ ಸಾಮ್ರಾಜ್ಯವೇ ಸರ್ವಸ್ವ ಆಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇದೇ ಪಕ್ಷ ವರ್ಷಕ್ಕೆ 3 ಲಕ್ಷ ಮನೆ ಕಟ್ಟಿಸುತ್ತೇವೆ ಅಂತ ಮಾತು ಕೊಟ್ಟಿತು, ಕಟ್ಟಿಸಿತು ಕೂಡ. ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಕಾಲಕ್ಕೆ ಮಾರುಕಟ್ಟೆಯೇ ದೇವರು. ಈಗ ಗಡಿ ಮತ್ತು ವಲಸೆ. 2013ರಲ್ಲಿ ಸಲಿಂಗ ವಿವಾಹದ ಕಾನೂನು ಬಂದಿದ್ದೂ ಇವರ ನೇತೃತ್ವದ ಸರ್ಕಾರದಲ್ಲೇ. ಹಾಗಾಗಿ 'ಸಂಪ್ರದಾಯವಾದಿ' ಅನ್ನೋ ನಮ್ಮ ಪದ ಹಾಕಿದರೂ ಅಳತೆ ಸರಿಹೋಗೋದಿಲ್ಲ. ಅಧಿಕಾರ ಹಿಡಿಯೋದು, ಹಿಡಿದಿದ್ದನ್ನ ಬಿಡದೇ ಇರೋದು, ಇದೊಂದು ಮಾತ್ರ ಬದಲಾಗಿಲ್ಲ.

ಅವರು ಮೊದಲಿಂದಲೂ ವಲಸೆ ವಿರೋಧಿಗಳೇ ತಾನೇ?

ಹೌದು ಅಂದರೂ ತಪ್ಪು, ಇಲ್ಲ ಅಂದರೂ ತಪ್ಪು. ಹೊರಗಿನವರು ಬರೋದನ್ನು ತಡೆಯಲು ಬ್ರಿಟನ್ ಮಾಡಿದ ಮೊದಲ ಆಧುನಿಕ ಕಾನೂನು 1905ರ ಏಲಿಯನ್ಸ್ ಆಕ್ಟ್. ತಂದವರು ಬಾಲ್ಫರ್ ಅವರ ಕನ್ಸರ್ವೇಟಿವ್ ಸರ್ಕಾರ. ಅದರ ಗುರಿ ಮುಖ್ಯವಾಗಿ ಪೂರ್ವ ಯುರೋಪಿನಿಂದ ಓಡಿಬರುತ್ತಿದ್ದ ಬಡ ಯಹೂದಿಗಳು.

ಆದರೆ 1948ರಲ್ಲಿ ಇವರ ಎದುರಾಳಿ ಲೇಬರ್ ಪಕ್ಷದ ಸರ್ಕಾರ ಸಾಮ್ರಾಜ್ಯದ ಮತ್ತು ಕಾಮನ್‌ವೆಲ್ತ್‌ನ ಎಲ್ಲ ಜನರಿಗೂ ಬ್ರಿಟನ್‌ಗೆ ಬರುವ ಹಕ್ಕು ಉಳಿಸಿದಾಗ, ಮುಂದೆ 1951ರಲ್ಲಿ ಅಧಿಕಾರಕ್ಕೆ ಬಂದ ಕನ್ಸರ್ವೇಟಿವ್‌ಗಳು ಹತ್ತು ವರ್ಷ ಅದನ್ನು ಮುಟ್ಟಲಿಲ್ಲ. ಒಳಗೊಳಗೆ ಗೊಣಗಾಟ ಇತ್ತು, ಸಂಪುಟದಲ್ಲಿ ಚರ್ಚೆಯೂ ಆಯಿತು. ಆದರೂ 'ನಾವು ಸಾಮ್ರಾಜ್ಯದ ತಾಯಿನಾಡು, ಮಕ್ಕಳಿಗೆ ಬಾಗಿಲು ಹಾಕೋದು ಹೇಗೆ' ಅನ್ನೋ ಹಳೇ ದೊಡ್ಡಸ್ತಿಕೆ ಅಡ್ಡ ಬಂತು. ಜೊತೆಗೆ ಬಸ್ಸು, ಆಸ್ಪತ್ರೆ, ಕಾರ್ಖಾನೆಗಳಿಗೆ ಕೈಗಳೂ ಬೇಕಿದ್ದವು. ಸಾಮ್ರಾಜ್ಯ ಕರಗುತ್ತಾ ಬಂದ ಹಾಗೆ ಆ ದೊಡ್ಡಸ್ತಿಕೆಯೂ ಕರಗಿತು. 1962ರಲ್ಲಿ ಮ್ಯಾಕ್‌ಮಿಲನ್ ಸರ್ಕಾರ ಕಾಮನ್‌ವೆಲ್ತ್‌ನವರಿಗೂ ಕೆಲಸದ ವೋಚರ್ ಕಡ್ಡಾಯ ಮಾಡಿತು. ಆಗ ಅದನ್ನು ಜೋರಾಗಿ ವಿರೋಧಿಸಿದ್ದು ಲೇಬರ್. ಆರೇ ವರ್ಷಕ್ಕೆ, 1968ರಲ್ಲಿ, ಕೀನ್ಯಾದಿಂದ ಬರುತ್ತಿದ್ದ ಭಾರತೀಯ ಮೂಲದವರನ್ನು ತಡೆಯಲು ಅದೇ ಲೇಬರ್ ಇನ್ನೂ ಬಿಗಿ ಕಾನೂನು ತಂದಿತು. ಇಂಥ ಪಲ್ಟಿ ಒಂದೇ ಪಕ್ಷದ ಸೊತ್ತಲ್ಲ.

ಇಂಡಿಯನ್ ಪಾಸ್‌ಪೋರ್ಟ್ ಇಟ್ಕೊಂಡು ನೀನು ಅಲ್ಲಿ ವೋಟ್ ಹಾಕ್ತೀಯಾ? ಸುಳ್ಳು ಹೇಳ್ಬೇಡ!

ಸುಳ್ಳಲ್ಲ ಚಿಕ್ಕಪ್ಪ. ಭಾರತ ಕಾಮನ್‌ವೆಲ್ತ್ ದೇಶ. ಇಲ್ಲಿ ಕಾನೂನುಬದ್ಧವಾಗಿ ವಾಸವಿರುವ ಕಾಮನ್‌ವೆಲ್ತ್ ಪ್ರಜೆಗಳು ಸಂಸತ್ ಚುನಾವಣೆಯಲ್ಲೂ ಮತ ಹಾಕಬಹುದು. ಇಲ್ಲೇ ಮೂವತ್ತು ವರ್ಷದಿಂದ ಇರುವ ಫ್ರಾನ್ಸಿನವನಿಗೆ ಈ ಹಕ್ಕಿಲ್ಲ, ಹೋದ ವರ್ಷ ವೀಸಾದಲ್ಲಿ ಬಂದ ಹಾಸನದ ಹುಡುಗನಿಗೆ ಇದೆ. ಸಾಮ್ರಾಜ್ಯ ಬಿಟ್ಟುಹೋದ ಹಳೇ ಸಾಮಾನುಗಳಲ್ಲಿ ಇದೂ ಒಂದು.

ನನ್ನ ಮತಗಟ್ಟೆ ಹತ್ತಿರದ ಪ್ರೈಮರಿ ಶಾಲೆಯ ಹಾಲ್. ಗೋಡೆ ಮೇಲೆ ಮಕ್ಕಳು ಬಿಡಿಸಿದ ಡೈನೋಸಾರ್, ಮೂಲೆಯಲ್ಲಿ ಪ್ಲೈವುಡ್ ಗೂಡು, ಅದರೊಳಗೆ ದಾರ ಕಟ್ಟಿದ ಒಂದು ಮೊಂಡು ಪೆನ್ಸಿಲ್. ಬೆರಳಿಗೆ ಶಾಯಿ ಇಲ್ಲ, ಯಂತ್ರ ಇಲ್ಲ, ಚೀಟಿ ಮೇಲೆ ಕತ್ತರಿ ಗುರುತು ಹಾಕಿ ಮಡಚಿ ಡಬ್ಬಿಗೆ ಹಾಕೋದು ಅಷ್ಟೇ. ಬಾಗಿಲಲ್ಲಿ ಯಾರದೋ ನಾಯಿ ಕಟ್ಟಿರುತ್ತಾರೆ. ಮೊದಲೆಲ್ಲ ಗುರುತಿನ ಚೀಟಿಯನ್ನೂ ಕೇಳುತ್ತಿರಲಿಲ್ಲ, 2023ರಿಂದ ಫೋಟೋ ಇರುವ ಗುರುತು ಬೇಕು. 2024ರಲ್ಲಿ ನಾನು ನನ್ನ ನೀಲಿ ಪಾಸ್‌ಪೋರ್ಟನ್ನೇ ತೋರಿಸಿದೆ. ಅಲ್ಲಿ ಕೂತಿದ್ದ ಅಜ್ಜಿ ಅಶೋಕ ಸ್ತಂಭ ನೋಡಿ ಸಣ್ಣಗೆ ನಕ್ಕು ಚೀಟಿ ಕೊಟ್ಟರು.

ಇದನ್ನ ಯಾಕೆ ಹೇಳಿದೆ ಅಂದ್ರೆ, ಈ ವೋಟು ಕನ್ಸರ್ವೇಟಿವ್ ಪಕ್ಷದ ಲೆಕ್ಕದಲ್ಲೂ ಇದೆ. ಒಂದು ಕಡೆ ವಲಸೆ ಕಡಿಮೆ ಮಾಡುತ್ತೇವೆ ಅನ್ನಬೇಕು, ಇನ್ನೊಂದು ಕಡೆ ನಮ್ಮವರು ಜಾಸ್ತಿ ಇರುವ ಲೆಸ್ಟರ್, ಹ್ಯಾರೋ ಥರದ ಊರುಗಳಲ್ಲಿ ದೀಪಾವಳಿಗೆ ದೀಪ ಹಚ್ಚಬೇಕು. 2024ರಲ್ಲಿ ಪಕ್ಷ ದೇಶದಲ್ಲೆಲ್ಲ ಮಣ್ಣು ಮುಕ್ಕಿದಾಗ ಲೇಬರ್ ಕೈಯಿಂದ ಕಿತ್ತುಕೊಂಡ ಒಂದೇ ಒಂದು ಸೀಟು ಲೆಸ್ಟರ್ ಈಸ್ಟ್. ಗೆದ್ದ ಶಿವಾನಿ ರಾಜಾ ಭಗವದ್ಗೀತೆ ಹಿಡಿದು ಪ್ರಮಾಣ ಮಾಡಿದರು.

## ಹಳೇ ಕಥೆ, ಇವತ್ತಿಗೂ ಬೇಕಾದದ್ದು

ಈನಕ್ ಪವೆಲ್ ಹೆಸರು ಎಲ್ಲ ಕಡೆ ಬರುತ್ತೆ. ಯಾರು ಈ ಮನುಷ್ಯ?

ಯುದ್ಧಕಾಲದಲ್ಲಿ ಭಾರತದಲ್ಲಿ ಸೇನಾಧಿಕಾರಿಯಾಗಿದ್ದು ಉರ್ದು ಕಲಿತವರು, ಒಂದು ದಿನ ಅಲ್ಲಿನ ವೈಸರಾಯ್ ಆಗಬೇಕು ಅಂತ ಕನಸು ಕಂಡವರು. 1960ರಿಂದ 1963ರವರೆಗೆ ಆರೋಗ್ಯ ಸಚಿವ. ಆಗ ಸರ್ಕಾರಿ ಆಸ್ಪತ್ರೆಗಳು ನಡೆಯುತ್ತಿದ್ದದ್ದೇ ಭಾರತ, ಪಾಕಿಸ್ತಾನ, ಕೆರಿಬಿಯನ್ ಕಡೆಯ ಡಾಕ್ಟರ್, ನರ್ಸ್‌ಗಳ ಕೈಯಿಂದ. ಅದೇ ಪವೆಲ್ 1968ರ ಏಪ್ರಿಲ್ 20ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದು ಭಾಷಣ ಮಾಡಿದರು. ವಲಸೆ ಹೀಗೇ ಮುಂದುವರಿದರೆ ರಕ್ತ ಹರಿಯುತ್ತದೆ ಅನ್ನುವ ಅರ್ಥದ್ದು. ಪಕ್ಷದ ನಾಯಕ ಎಡ್ವರ್ಡ್ ಹೀತ್ ಮರುದಿನವೇ ಅವರನ್ನು ಮುಂಚೂಣಿ ತಂಡದಿಂದ ಕಿತ್ತುಹಾಕಿದರು. ಅದೇ ವಾರ ಲಂಡನ್ ಬಂದರಿನ ಕೂಲಿಗಳು ಪವೆಲ್ ಪರ ಮೆರವಣಿಗೆ ತೆಗೆದರು.

ನನ್ನ ಪ್ರಕಾರ ಪಕ್ಷದ ಮುಂದಿನ ಐವತ್ತು ವರ್ಷದ ಒದ್ದಾಟ ಆ ಒಂದು ವಾರದಲ್ಲೇ ಇದೆ. ನಾಯಕರಿಗೆ ಇಂಥ ಮಾತು ಮುಜುಗರ. ಅದನ್ನು ಕೇಳಿ ಚಪ್ಪಾಳೆ ಹೊಡೆಯುವವರ ವೋಟು ಮಾತ್ರ ಬೇಕು. ಪವೆಲ್ ಅವರನ್ನು ಹೊರಗೆ ಹಾಕಿದ ಹೀತ್, ಅಧಿಕಾರಕ್ಕೆ ಬಂದಮೇಲೆ 1971ರಲ್ಲಿ ಕಾಮನ್‌ವೆಲ್ತ್‌ನವರ ಬಾಗಿಲನ್ನು ಬಹುಪಾಲು ಮುಚ್ಚಿದರು. ಇಲ್ಲೇ ಹುಟ್ಟಿದವರ, ಅಥವಾ ಇಲ್ಲಿ ಹುಟ್ಟಿದ ಅಪ್ಪ, ಅಮ್ಮ, ಅಜ್ಜ ಇದ್ದವರ ನಂಟಿಗೆ ವಿಶೇಷ ಬೆಲೆ ಬಂತು. ಅಂದರೆ ಆಸ್ಟ್ರೇಲಿಯಾದ ಬಿಳಿಯರಿಗೆ ಸಲೀಸು, ನಮ್ಮವರಿಗೆ ಕಷ್ಟ.

ಇನ್ನೊಂದು ವಿಷಯ ನೋಡಿ. ಆ ಕಾನೂನು ಜಾರಿಗೆ ಬಂದ ದಿನ 1973ರ ಜನವರಿ 1. ಬ್ರಿಟನ್ ಯುರೋಪಿನ ಒಕ್ಕೂಟಕ್ಕೆ ಸೇರಿದ್ದೂ ಅವತ್ತೇ. ಹಳೇ ಸಾಮ್ರಾಜ್ಯದ ಕಡೆ ಬಾಗಿಲು ಹಾಕಿದ ದಿನವೇ ಯುರೋಪಿನ ಕಡೆ ಬಾಗಿಲು ತೆಗೆದರು.

ಉಗಾಂಡಾದಿಂದ ಓಡಿಸಿದ ಗುಜರಾತಿಗಳನ್ನ ಕರ್ಕೊಂಡಿದ್ದು ಇದೇ ಪಕ್ಷನಾ?

ಇದೇ ಪಕ್ಷ, ಇದೇ ಹೀತ್. 1972ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ವಾಧಿಕಾರಿ ಇದಿ ಅಮೀನ್ ಏಷ್ಯಾ ಮೂಲದವರಿಗೆ ದೇಶ ಬಿಡಲು 90 ದಿನದ ಗಡುವು ಕೊಟ್ಟಾಗ, ಬ್ರಿಟಿಷ್ ಪಾಸ್‌ಪೋರ್ಟ್ ಇದ್ದ ಸುಮಾರು 27,000 ಜನರನ್ನು ಬ್ರಿಟನ್ ಕರೆಸಿಕೊಂಡಿತು. ಪಕ್ಷದೊಳಗೆ ಗಲಾಟೆಯೇ ಆಯಿತು. ಲೆಸ್ಟರ್ ನಗರಸಭೆಯಂತೂ 'ನಮ್ಮ ಊರು ತುಂಬಿಹೋಗಿದೆ, ದಯವಿಟ್ಟು ಬರಬೇಡಿ' ಅನ್ನೋ ಅರ್ಥದಲ್ಲಿ ಉಗಾಂಡಾದ ಪತ್ರಿಕೆಯಲ್ಲೇ ಜಾಹೀರಾತು ಕೊಟ್ಟಿತು. ಜಾಹೀರಾತು ನೋಡಿಯೇ ಎಷ್ಟೋ ಜನಕ್ಕೆ ಲೆಸ್ಟರ್ ಅಂತ ಒಂದು ಊರಿದೆ ಅಂತ ಗೊತ್ತಾಯಿತು ಅನ್ನೋದು ಇಲ್ಲಿನ ಹಳಬರ ಜೋಕು. ಇವತ್ತು ಅಲ್ಲಿನ ದೀಪಾವಳಿಗೆ ಬೀದಿ ತುಂಬಾ ಜನ.

ಹೀತ್ ಹೇಳಿದ್ದು ಸರಳ: ಇದು ನಾವು ಕೊಟ್ಟ ಪಾಸ್‌ಪೋರ್ಟ್, ನಮ್ಮ ಜವಾಬ್ದಾರಿ. ಬಾಗಿಲು ಮುಚ್ಚುವ ಕಾನೂನಿಗೆ ಸಹಿ ಹಾಕಿದ ಮನುಷ್ಯ ಮರುವರ್ಷವೇ ಇಷ್ಟು ಜನರಿಗೆ ಬಾಗಿಲು ತೆಗೆದ. ಇದೇ ಸಾಲಿಗೆ 2021ರಲ್ಲಿ ಹಾಂಗ್‌ಕಾಂಗ್‌ನವರಿಗೆ ಕೊಟ್ಟ ವೀಸಾ ಸೇರುತ್ತೆ.

ಥ್ಯಾಚರ್ ಬಂದಮೇಲೆ ಏನು ಬದಲಾಯ್ತು? ಅಲ್ಲಿ ಮಗು ಹುಟ್ಟಿದರೆ ಬ್ರಿಟಿಷ್ ಪಾಸ್‌ಪೋರ್ಟ್ ಸಿಗುತ್ತಲ್ಲಾ?

ಎರಡನೆಯದಕ್ಕೆ ಮೊದಲು ಉತ್ತರ: ತನ್ನಷ್ಟಕ್ಕೆ ಸಿಗೋದಿಲ್ಲ. ಹುಟ್ಟುವ ಹೊತ್ತಿಗೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಬ್ರಿಟಿಷ್ ಪ್ರಜೆ ಆಗಿರಬೇಕು, ಇಲ್ಲವೇ ಇಲ್ಲಿ ಕಾಯಂ ನೆಲೆಸುವ ಅನುಮತಿ ಇರಬೇಕು. ಕೆಲಸದ ವೀಸಾದಲ್ಲಿರುವ ದಂಪತಿಗೆ ಹುಟ್ಟಿದ ಮಗುವಿಗೆ ಭಾರತೀಯ ಪಾಸ್‌ಪೋರ್ಟೇ. ಈ ನಿಯಮ ತಂದದ್ದು ಥ್ಯಾಚರ್ ಸರ್ಕಾರದ 1981ರ ಕಾನೂನು, ಜಾರಿಯಾದದ್ದು 1983ರ ಜನವರಿ 1ರಿಂದ. ಅದಕ್ಕೂ ಮೊದಲು ಈ ನೆಲದಲ್ಲಿ ಹುಟ್ಟಿದರೆ ಸಾಕಿತ್ತು.

ರಾಜಕೀಯ ಶುರುವಾಗಿದ್ದು ಅದಕ್ಕೂ ಮುಂಚೆ. 1978ರ ಜನವರಿಯಲ್ಲಿ ಟೀವಿ ಸಂದರ್ಶನದಲ್ಲಿ ಥ್ಯಾಚರ್, ಬೇರೆ ಸಂಸ್ಕೃತಿಯವರಿಂದ ಈ ದೇಶ ಮುಳುಗಿಹೋಗಬಹುದು ಅಂತ ಜನರಿಗೆ ಭಯ ಇದೆ ಅಂದರು. ಆಗ ನ್ಯಾಷನಲ್ ಫ್ರಂಟ್ ಅನ್ನೋ ಉಗ್ರ ಬಲಪಂಥೀಯ ಪಕ್ಷ ತಲೆ ಎತ್ತುತ್ತಿತ್ತು. 1979ರ ಚುನಾವಣೆಯಲ್ಲಿ ಅದು 303 ಕಡೆ ನಿಂತು ಎಲ್ಲ ಕಡೆ ನೆಲಕಚ್ಚಿತು. ಬಲಗಡೆಯಿಂದ ಯಾರಾದರೂ ವೋಟು ಕೀಳೋಕೆ ಬಂದರೆ ಅವರ ಮಾತನ್ನು ಮೆತ್ತಗೆ ಮಾಡಿ ತಾವೇ ಆಡಿಬಿಡೋದು: ಇದು ಗೆಲ್ಲುವ ಸೂತ್ರ ಅಂತ ಪಕ್ಷಕ್ಕೆ ಆಗ ಮನವರಿಕೆ ಆಯಿತು. ಮುಂದೆ ಇದೇ ಸೂತ್ರ ಕೈ ಕೊಟ್ಟಿದ್ದು ಹೇಗೆ ಅಂತ ಕೆಳಗೆ ಬರುತ್ತೆ.

ಯುರೋಪಿಗೆ ಸೇರಿಸಿದವರೂ ಅವರೇ, ಹೊರಗೆ ತಂದವರೂ ಅವರೇ. ಇದೇನು ತಮಾಷೆ?

1975ರ ಒಂದು ಫೋಟೋ ಇದೆ. ಯುರೋಪಿನಲ್ಲಿ ಉಳಿಯಬೇಕಾ ಬೇಡವಾ ಅಂತ ಜನಮತ ಕೇಳಿದ ವರ್ಷ. ಥ್ಯಾಚರ್ ಒಂದು ಉಣ್ಣೆ ಸ್ವೆಟರ್ ಹಾಕಿಕೊಂಡು ನಿಂತಿದ್ದಾರೆ, ಸ್ವೆಟರ್ ತುಂಬ ಯುರೋಪ್ ದೇಶಗಳ ಬಾವುಟ. ಉಳಿಯೋಣ ಅಂತ ಪ್ರಚಾರ. ಯಾಕಂದ್ರೆ ಆಗ ಪಕ್ಷಕ್ಕೆ ಯುರೋಪ್ ಅಂದರೆ ವ್ಯಾಪಾರ. 1986ರಲ್ಲಿ ಯುರೋಪಿನ ಒಂದೇ ಮಾರುಕಟ್ಟೆಗೆ ಒತ್ತಾಸೆಯಾಗಿ ನಿಂತಿದ್ದೂ ಅವರೇ.

ಮಾರುಕಟ್ಟೆ ಅಂದಮೇಲೆ ಸರಕು ಮಾತ್ರ ಓಡಾಡೋದಿಲ್ಲ, ಜನರೂ ಓಡಾಡುತ್ತಾರೆ. 2004ರಲ್ಲಿ ಪೋಲೆಂಡ್ ಮುಂತಾದ ದೇಶ ಸೇರಿದಾಗ ಲೇಬರ್ ಸರ್ಕಾರ ತಕ್ಷಣ ಬಾಗಿಲು ತೆಗೆಯಿತು. ವರ್ಷಕ್ಕೆ 13,000ಕ್ಕಿಂತ ಜಾಸ್ತಿ ಬರಲಿಕ್ಕಿಲ್ಲ ಅಂತ ಅಂದಾಜಿತ್ತು. ಬಂದವರು ಅದರ ಎಷ್ಟೋ ಪಟ್ಟು. ಯುರೋಪ್ ಮತ್ತು ವಲಸೆ ಎರಡೂ ಒಂದೇ ಸಿಟ್ಟಾಗಿ ಗಂಟು ಬಿದ್ದವು. ಆ ಗಂಟನ್ನು ಹಿಡಿದು ಎಳೆದವರು, ಯುರೋಪ್ ಬಿಡೋಣ ಅನ್ನುತ್ತಿದ್ದ ಯುಕಿಪ್ ಪಕ್ಷದ ನೈಜಲ್ ಫರಾಜ್. ಕನ್ಸರ್ವೇಟಿವ್ ಪ್ರಧಾನಿ ಡೇವಿಡ್ ಕ್ಯಾಮರೂನ್ ಹಳೇ ಸೂತ್ರವನ್ನೇ ನಂಬಿ, 2013ರಲ್ಲಿ ಜನಮತಗಣನೆಯ ಮಾತು ಕೊಟ್ಟರು. ಯುಕಿಪ್ 2014ರ ಯುರೋಪಿಯನ್ ಚುನಾವಣೆಯಲ್ಲಿ ಮೊದಲ ಸ್ಥಾನಕ್ಕೇ ಬಂತು. 2016ರಲ್ಲಿ ಜನ ಹೊರಗೆ ಹೋಗೋಣ ಅಂದರು (ಇದೇ ಬ್ರೆಕ್ಸಿಟ್), ಕ್ಯಾಮರೂನ್ ಮನೆಗೆ ಹೋದರು.

'ಹತ್ತಾರು ಸಾವಿರ' ಅಂತ ಏನೋ ಮಾತು ಕೊಟ್ಟಿದ್ರಂತಲ್ಲ?

2010ರಲ್ಲಿ ಕ್ಯಾಮರೂನ್ ಕೊಟ್ಟ ಮಾತು. ಬಂದವರಲ್ಲಿ ಹೋದವರನ್ನು ಕಳೆದರೆ ಉಳಿಯುವುದು ನಿವ್ವಳ ವಲಸೆ, ಆಗ ವರ್ಷಕ್ಕೆ ಸುಮಾರು 2.5 ಲಕ್ಷ. ಅದನ್ನು 1 ಲಕ್ಷಕ್ಕಿಂತ ಕೆಳಗಿಳಿಸುತ್ತೇವೆ ಅಂದರು. ಗುರಿ ಚಾಲ್ತಿಯಲ್ಲಿದ್ದ ಒಂಬತ್ತು ವರ್ಷದಲ್ಲಿ ಒಂದು ಸಲವೂ ಮುಟ್ಟಲಿಲ್ಲ.

ಯುರೋಪಿನವರನ್ನು ತಡೆಯೋ ಹಾಗಿರಲಿಲ್ಲ, ಹಾಗಾಗಿ ಕತ್ತರಿ ಬಿದ್ದದ್ದು ನಮ್ಮಂಥವರ ಮೇಲೆ. ಓದು ಮುಗಿಸಿ ಎರಡು ವರ್ಷ ಕೆಲಸ ಮಾಡುವ ವೀಸಾ 2012ರಲ್ಲಿ ರದ್ದಾಯಿತು, ಭಾರತದಿಂದ ಬರುವ ವಿದ್ಯಾರ್ಥಿಗಳು ದಢಾರನೆ ಕಡಿಮೆ ಆದರು. ಹೆಂಡತಿಯನ್ನೋ ಗಂಡನನ್ನೋ ಕರೆತರಲು ವರ್ಷಕ್ಕೆ 18,600 ಪೌಂಡ್ ಸಂಬಳ ಬೇಕು ಅನ್ನೋ ನಿಯಮ ಬಂದದ್ದೂ ಅದೇ ವರ್ಷ. ನನಗೆ ಗೊತ್ತಿರುವ ಒಬ್ಬ ಹುಡುಗ ಎಂಎಸ್ಸಿ ಮುಗಿಸಿ, ಕೈಯಲ್ಲಿ ಡಿಗ್ರಿ, ತಲೆ ಮೇಲೆ ಬ್ಯಾಂಕ್ ಸಾಲ ಹೊತ್ತು ದಾವಣಗೆರೆಗೆ ವಾಪಸ್ ಹೋದ. ಲೆಕ್ಕದಲ್ಲಿ ಅವನು 'ಕಡಿಮೆ ಆದ ಒಂದು'.

ಬಾಡಿಗೆ ಮನೆ ಕೊಡೋಕೆ ಪಾಸ್‌ಪೋರ್ಟ್ ಯಾಕೆ ಕೇಳ್ತಾರೆ?

ಅದು ಥೆರೇಸಾ ಮೇ ಗೃಹ ಸಚಿವೆ ಆಗಿದ್ದಾಗಿನ ಬಳುವಳಿ. ಅಕ್ರಮವಾಗಿ ಇರುವವರಿಗೆ ಇಲ್ಲಿ ಬದುಕೇ ಕಷ್ಟ ಆಗಬೇಕು ಅನ್ನೋ ನೀತಿ. 2014 ಮತ್ತು 2016ರ ಕಾನೂನುಗಳಿಂದ ಮನೆ ಮಾಲೀಕ, ಬ್ಯಾಂಕು, ಕೆಲಸ ಕೊಡುವವನು ಎಲ್ಲರೂ ಅರೆಕಾಲಿಕ ವಲಸೆ ಅಧಿಕಾರಿಗಳಾದರು. ನಾನು ಮನೆ ಹುಡುಕುವಾಗ ಒಬ್ಬ ಏಜೆಂಟ್ ನನ್ನ ವೀಸಾ ಕಾರ್ಡನ್ನು ಬೆಳಕಿಗೆ ಹಿಡಿದು, ಉಗುರಿನಲ್ಲಿ ಕೆರೆದು, ಕೊನೆಗೆ 'ನಾಳೆ ಹೇಳ್ತೀನಿ' ಅಂದ. ನಾಳೆ ಬರಲೇ ಇಲ್ಲ. ಮನೆ ಬೇರೆಯವರಿಗೆ ಹೋಯಿತು.

ನನ್ನದು ಸಣ್ಣ ವಿಷಯ. ಐವತ್ತು, ಅರವತ್ತರ ದಶಕದಲ್ಲಿ ಕೆರಿಬಿಯನ್‌ನಿಂದ ಕಾನೂನು ಪ್ರಕಾರವೇ ಬಂದು ಇಲ್ಲೇ ಮುದುಕರಾದವರ ಹತ್ತಿರ ಕಾಗದ ಪತ್ರ ಇರಲಿಲ್ಲ. ಅವರಿಗೆ ಕೆಲಸ ಹೋಯಿತು, ಆಸ್ಪತ್ರೆ ಸಿಗಲಿಲ್ಲ, ಕೆಲವರನ್ನು ದೇಶದಿಂದಲೇ ಕಳಿಸಿದರು. ವಿಂಡ್‌ರಷ್ ಹಗರಣ ಅಂತ 2018ರಲ್ಲಿ ಸುದ್ದಿ ಸ್ಫೋಟವಾಗಿ, ಗೃಹ ಸಚಿವೆ ಆಂಬರ್ ರಡ್ ರಾಜೀನಾಮೆ ಕೊಟ್ಟರು. ಬಾಡಿಗೆಗೆ ಕಾಗದ ನೋಡುವ ನಿಯಮ ಇವತ್ತಿಗೂ ಇದೆ.

## ಸ್ವಲ್ಪ ಗಟ್ಟಿ ಪ್ರಶ್ನೆಗಳು

ಬ್ರೆಕ್ಸಿಟ್ ಆದಮೇಲೆ ಜನ ಕಮ್ಮಿ ಆಗಬೇಕಿತ್ತಲ್ಲ, ಜಾಸ್ತಿ ಆಗಿದ್ದು ಹೇಗೆ?

ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ಭಾಷಣ ಒಂದು ಕಡೆ, ಸಹಿ ಇನ್ನೊಂದು ಕಡೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಇಲ್ಲ.

2019ರಲ್ಲಿ ಬೋರಿಸ್ ಜಾನ್ಸನ್ ಪ್ರಣಾಳಿಕೆ 'ಒಟ್ಟು ಸಂಖ್ಯೆ ಇಳಿಯುತ್ತದೆ' ಅಂದಿತು. 2021ರ ಜನವರಿಯಿಂದ ಅಂಕ ನೋಡಿ ವೀಸಾ ಕೊಡುವ ಹೊಸ ಪಾಯಿಂಟ್ಸ್ ವ್ಯವಸ್ಥೆ ಬಂತು. ಭಾಷಣದಲ್ಲಿ ಅದು 'ಗಡಿಯ ಮೇಲೆ ನಮ್ಮದೇ ಹಿಡಿತ'. ನಿಯಮದ ಪುಸ್ತಕ ತೆಗೆದು ನೋಡಿದರೆ ಏನಿತ್ತು? ಸಂಬಳದ ಮಿತಿ, ಅಂದರೆ ಕೆಲಸದ ವೀಸಾಗೆ ವರ್ಷಕ್ಕೆ ಬೇಕಾದ ಕನಿಷ್ಠ ಸಂಬಳ, 30,000ದಿಂದ 25,600 ಪೌಂಡ್‌ಗೆ ಇಳಿಯಿತು. ಡಿಗ್ರಿ ಮಟ್ಟದ ಕೆಲಸವೇ ಆಗಬೇಕಿಲ್ಲ, ಪಿಯುಸಿ ಮಟ್ಟದ್ದೂ ನಡೆಯುತ್ತೆ ಅಂತಾಯಿತು. ವರ್ಷಕ್ಕೆ ಇಷ್ಟೇ ವೀಸಾ ಅನ್ನೋ ಮಿತಿ ಹೋಯಿತು. ಮೊದಲು ಸ್ಥಳೀಯರಿಗೆ ಜಾಹೀರಾತು ಕೊಡಬೇಕು ಅನ್ನೋ ನಿಯಮವೂ ಹೋಯಿತು. ಓದು ಮುಗಿಸಿದವರಿಗೆ ಎರಡು ವರ್ಷದ ವೀಸಾ 2021ರ ಜುಲೈನಲ್ಲಿ ವಾಪಸ್ ಬಂತು. 2022ರ ಫೆಬ್ರವರಿಯಲ್ಲಿ ವೃದ್ಧಾಶ್ರಮದ ಆರೈಕೆ ಕೆಲಸಕ್ಕೂ ವೀಸಾ ತೆರೆದರು. ಇದರ ಮೇಲೆ ಉಕ್ರೇನ್ ಮತ್ತು ಹಾಂಗ್‌ಕಾಂಗ್‌ನವರು. 2023ರ ಜೂನ್‌ಗೆ ಮುಗಿದ ವರ್ಷದಲ್ಲಿ ನಿವ್ವಳ ವಲಸೆ 9 ಲಕ್ಷ ದಾಟಿತು.

ಯಾಕೆ ತೆರೆದರು? ಸುಮ್ನೆ ಅಲ್ಲ. ಸ್ಥಳೀಯ ವಿದ್ಯಾರ್ಥಿಗಳ ಫೀಸು 2017ರಿಂದ 9,250 ಪೌಂಡ್‌ಗೆ ನಿಂತುಬಿಟ್ಟಿತ್ತು, ಆ ತೂತು ಮುಚ್ಚಲು ವಿಶ್ವವಿದ್ಯಾಲಯಗಳಿಗೆ ಹೊರದೇಶದ ಫೀಸು ಬೇಕು. ಆರೈಕೆ ಕೆಲಸದ ಸಂಬಳ ಏರಿಸಬೇಕಾದರೆ ಸರ್ಕಾರ ದುಡ್ಡು ಸುರಿಯಬೇಕು, ವೀಸಾ ಕೊಟ್ಟರೆ ಸುರಿಯಬೇಕಿಲ್ಲ. ಯುರೋಪಿನವರು ಬರೋದು ನಿಂತಿತು, ಕೆಲಸ ನಿಲ್ಲಲಿಲ್ಲ. ಆ ಜಾಗಕ್ಕೆ ಭಾರತ, ನೈಜೀರಿಯಾ, ಜಿಂಬಾಬ್ವೆಯವರು ಬಂದರು. ಬ್ರೆಕ್ಸಿಟ್‌ಗೆ ಮೊದಲು, ಮುಂದೆ ಗೃಹ ಸಚಿವೆಯಾದ ಪ್ರೀತಿ ಪಟೇಲ್, ಹೊರಗೆ ಬಂದರೆ ನಮ್ಮ ಕಡೆಯ ಕರಿ ಹೋಟೆಲ್‌ಗಳಿಗೆ ಅಡುಗೆಯವರನ್ನು ತರೋದು ಸುಲಭ ಆಗುತ್ತೆ ಅನ್ನೋ ಧಾಟಿಯಲ್ಲಿ ಪ್ರಚಾರ ಮಾಡಿದ್ದರು. ಹೊರಗೆ ಹೋಗೋಣ ಅಂತ ವೋಟು ಹಾಕಿದ ಎಷ್ಟೋ ಜನ ಕೇಳಿಸಿಕೊಂಡದ್ದು ಬೇರೆಯೇ.

ಸುನಕ್ ಬೆಂಗಳೂರಿನ ಅಳಿಯ. ನಮಗೇನಾದ್ರೂ ಅನುಕೂಲ ಆಯ್ತಾ?

ನಾರಾಯಣ ಮೂರ್ತಿ, ಸುಧಾ ಮೂರ್ತಿ ಅವರ ಅಳಿಯ ಪ್ರಧಾನಿ ಆದಾಗ ಊರಲ್ಲಿ ಪಟಾಕಿ ಹೊಡೆದರಂತೆ. ಇಲ್ಲಿ ನಮ್ಮ ಪಾಲಿಗೆ ಬಂದದ್ದು ಬಿಲ್ಲು. 2023ರಲ್ಲಿ ಡಾಕ್ಟರುಗಳು ಮತ್ತಿತರ ಸರ್ಕಾರಿ ನೌಕರರ ಸಂಬಳ ಏರಿಸಬೇಕಾಯಿತು, ಆ ದುಡ್ಡಿಗೆ ವೀಸಾ ಶುಲ್ಕ ಮತ್ತು ವಲಸಿಗರು ಕಟ್ಟುವ ಆರೋಗ್ಯ ಶುಲ್ಕ ಏರಿಸಿದರು. ಆರೋಗ್ಯ ಶುಲ್ಕ ವರ್ಷಕ್ಕೆ 624 ಇದ್ದದ್ದು 2024ರ ಫೆಬ್ರವರಿಯಿಂದ 1,035 ಪೌಂಡ್, ಮಕ್ಕಳಿಗೆ 776. ಗಂಡ, ಹೆಂಡತಿ, ಎರಡು ಮಕ್ಕಳು ಮೂರು ವರ್ಷದ ವೀಸಾಗೆ ಅರ್ಜಿ ಹಾಕಿದರೆ ಇದೊಂದೇ 10,866 ಪೌಂಡ್, ಅದೂ ಮುಂಗಡ. ಟ್ಯಾಕ್ಸ್ ಬೇರೆ ಕಟ್ಟುತ್ತೇವೆ, ಮತ್ತೆ ಇದು.

ಅವರ ಕಾಲದಲ್ಲೇ 2024ರಲ್ಲಿ ಬಾಗಿಲು ಮತ್ತೆ ಬಿಗಿಯಾಯಿತು. ಅಷ್ಟರಲ್ಲಿ 26,200 ಆಗಿದ್ದ ಸಂಬಳದ ಮಿತಿ 38,700ಕ್ಕೆ, ಸಂಗಾತಿಯನ್ನು ಕರೆಸಲು 18,600ರಿಂದ 29,000ಕ್ಕೆ. ಹೆಚ್ಚಿನ ಮಾಸ್ಟರ್ಸ್ ವಿದ್ಯಾರ್ಥಿಗಳಿಗೆ, ಆರೈಕೆ ಕೆಲಸದವರಿಗೆ ಕುಟುಂಬ ತರೋದು ಬಂದ್. ಅನುಕೂಲ ಅಂತ ಒಂದು ಹೇಳಬಹುದು: 18ರಿಂದ 30 ವರ್ಷದ ಭಾರತೀಯ ಪದವೀಧರರಿಗೆ ಲಾಟರಿ ಮೂಲಕ ಎರಡು ವರ್ಷದ ವೀಸಾ, ವರ್ಷಕ್ಕೆ 3,000. ಇಷ್ಟು ದೊಡ್ಡ ದೇಶಕ್ಕೆ ಮೂರು ಸಾವಿರ.

ವಲಸಿಗರ ಮಕ್ಕಳೇ ವಲಸಿಗರ ಮೇಲೆ ಯಾಕೆ ಇಷ್ಟು ಕಠಿಣ? ಹತ್ತಿದ ಏಣಿ ಒದ್ದ ಹಾಗಲ್ವಾ?

ಹೆಸರುಗಳನ್ನು ಸಾಲಾಗಿ ಇಟ್ಟರೆ ಹಾಗೇ ಕಾಣುತ್ತೆ. ಪ್ರೀತಿ ಪಟೇಲ್ ಅವರ ಅಪ್ಪ ಅಮ್ಮ ಉಗಾಂಡಾದಿಂದ, ಅವರ ನಂತರ ಗೃಹ ಸಚಿವೆಯಾದ ಸುಎಲಾ ಬ್ರೇವರ್‌ಮನ್ ಅವರದ್ದು ಕೀನ್ಯಾ ಮತ್ತು ಮಾರಿಷಸ್‌ನಿಂದ, ಸುನಕ್ ಕುಟುಂಬವೂ ಪೂರ್ವ ಆಫ್ರಿಕಾ ದಾಟಿ ಬಂದದ್ದು. 2022ರಲ್ಲಿ ಭಾರತದ ಜೊತೆ ವ್ಯಾಪಾರ ಒಪ್ಪಂದದ ಮಾತು ನಡೆಯುತ್ತಿದ್ದಾಗ, ವೀಸಾ ಮುಗಿದರೂ ಉಳಿಯುವವರಲ್ಲಿ ಭಾರತೀಯರೇ ಜಾಸ್ತಿ ಅಂತ ಹೇಳಿ ದೆಹಲಿಯನ್ನು ಸಿಟ್ಟಿಗೆಬ್ಬಿಸಿದ್ದು ಬ್ರೇವರ್‌ಮನ್.

ಈಗಿನ ನಾಯಕಿ ಕೆಮಿ ಬೇಡನಾಕ್ ಅವರದ್ದು ಇನ್ನೂ ವಿಚಿತ್ರ. ಅಪ್ಪ ಅಮ್ಮ ನೈಜೀರಿಯಾದವರು. ತಾಯಿ ವೈದ್ಯಕೀಯ ಕಾರಣಕ್ಕೆ ಬಂದಿದ್ದಾಗ 1980ರಲ್ಲಿ ಲಂಡನ್‌ನಲ್ಲಿ ಹುಟ್ಟಿದರು, ಬೆಳೆದದ್ದು ಹೆಚ್ಚಾಗಿ ಲಾಗೋಸ್‌ನಲ್ಲಿ, ಹದಿನಾರಕ್ಕೆ ವಾಪಸ್ ಬಂದರು. ಬ್ರಿಟಿಷ್ ಪೌರತ್ವ ಸಿಕ್ಕಿದ್ದು ಇಲ್ಲಿ ಹುಟ್ಟಿದ್ದರಿಂದ. ಮೂರು ವರ್ಷ ತಡವಾಗಿ ಹುಟ್ಟಿದ್ದರೆ ಥ್ಯಾಚರ್ ಕಾನೂನು ಅಡ್ಡ ಬರುತ್ತಿತ್ತು. ಇದನ್ನು ಅವರೇ ಮುಚ್ಚಿಡದೆ ಹೇಳುತ್ತಾರೆ.

ಆದರೂ ಬರೀ ಏಣಿ ಒದೆಯೋದು ಅಂದುಬಿಟ್ಟರೆ ಅರ್ಧ ಸತ್ಯ. ಪೂರ್ವ ಆಫ್ರಿಕಾದಿಂದ ಬಂದವರಲ್ಲಿ ಎಷ್ಟೋ ಜನಕ್ಕೆ 'ನಾವು ಪಾಸ್‌ಪೋರ್ಟ್ ಹಿಡಿದು, ನಿಯಮ ಪಾಲಿಸಿ ಬಂದೆವು, ಅಂಗಡಿ ಇಟ್ಟು ಮೇಲೆ ಬಂದೆವು' ಅನ್ನೋ ಭಾವನೆ ಗಟ್ಟಿ. ದೋಣಿಯಲ್ಲಿ ಬರುವವನನ್ನು ಕಂಡರೆ ಅವರಿಗೆ ತಮ್ಮ ನೆನಪಾಗೋದಿಲ್ಲ, ಸಿಟ್ಟು ಬರುತ್ತೆ. ನಮ್ಮ ಕನ್ನಡದ ಗುಂಪಿನಲ್ಲೂ ಕಾಯಂ ಪರವಾನಗಿ ಸಿಕ್ಕ ಮರುವಾರವೇ 'ಜನ ಜಾಸ್ತಿ ಆದ್ರಪ್ಪ' ಅನ್ನುವವರನ್ನು ನೋಡಿದ್ದೇನೆ. ಪಕ್ಷದ ಮುಖಂಡರಿಗಂತೂ ಇನ್ನೊಂದು ಲಾಭ: ಇದೇ ಮಾತನ್ನು ಬಿಳಿಯ ಮಂತ್ರಿ ಹೇಳಿದರೆ ಬರುವ ಆರೋಪ ಇವರ ಮೇಲೆ ಅಷ್ಟು ಸುಲಭಕ್ಕೆ ಅಂಟೋದಿಲ್ಲ.

ರುವಾಂಡಾಕ್ಕೆ ವಿಮಾನ ಕಳಿಸ್ತೀವಿ ಅಂದ್ರಲ್ಲ, ಏನಾಯ್ತು?

ಯಾರನ್ನೂ ಬಲವಂತವಾಗಿ ಕಳಿಸೋಕೆ ಆಗಲಿಲ್ಲ. ಸಣ್ಣ ರಬ್ಬರ್ ದೋಣಿಗಳಲ್ಲಿ ಫ್ರಾನ್ಸ್‌ನಿಂದ ಬರುವವರು 2018ರಲ್ಲಿ ಸುಮಾರು 300 ಇದ್ದದ್ದು 2022ರಲ್ಲಿ 45,000 ದಾಟಿತು. ಅವರನ್ನು ರುವಾಂಡಾಕ್ಕೆ ಕಳಿಸೋದು 2022ರ ಏಪ್ರಿಲ್‌ನ ಯೋಜನೆ. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದು ಕಾನೂನುಬಾಹಿರ ಅಂದಿತು. ಸುನಕ್ ಸರ್ಕಾರ 'ರುವಾಂಡಾ ಸುರಕ್ಷಿತ ದೇಶ' ಅಂತಲೇ ಒಂದು ಕಾನೂನು ಮಾಡಿತು. 2024ರ ಜುಲೈನಲ್ಲಿ ಲೇಬರ್ ಬಂದು ಯೋಜನೆ ಎತ್ತಿಟ್ಟಿತು. ಹಣ ಕೊಟ್ಟು ಒಪ್ಪಿಸಿ ತಾವಾಗಿ ಹೋದವರು ನಾಲ್ಕು ಜನ.

ಒಟ್ಟು ವಲಸೆಯಲ್ಲಿ ದೋಣಿಯವರು ಸಣ್ಣ ಪಾಲು. ಆದರೆ ದೋಣಿ ಟೀವಿಯಲ್ಲಿ ಕಾಣುತ್ತೆ, ವೀಸಾ ಕಾಣೋದಿಲ್ಲ. ಕಾಣದ ಕಡೆ ಲಕ್ಷಗಟ್ಟಲೆ ಬಿಡುತ್ತಾ, ಕಾಣುವ ಕಡೆ ಅಬ್ಬರಿಸಿದರೆ ಎರಡೂ ಕಡೆ ಕೆಡುತ್ತೆ.

ಅಷ್ಟು ಅಬ್ಬರಿಸಿದ ಪಕ್ಷ ಸೋತಿದ್ದು ಯಾಕೆ?

ಬೆಲೆ ಏರಿಕೆ, ಆಸ್ಪತ್ರೆ ಕ್ಯೂ, ಲಾಕ್‌ಡೌನ್ ಹೊತ್ತಲ್ಲಿ ಪ್ರಧಾನಿ ಕಚೇರಿಯಲ್ಲೇ ನಡೆದ ಪಾರ್ಟಿಗಳು, ಲಿಜ್ ಟ್ರಸ್ ಅವರ 49 ದಿನದ ಪ್ರಧಾನಿಗಿರಿ, ಎಲ್ಲ ಸೇರಿ. ಆದರೆ ವಲಸೆಯ ಪಾಲು ದೊಡ್ಡದು. 2024ರ ಜುಲೈ 4ರಂದು 365 ಸೀಟಿನ ಪಕ್ಷ 121ಕ್ಕೆ ಇಳಿಯಿತು. ಫರಾಜ್ ಅವರ ಹೊಸ ಪಕ್ಷ ರಿಫಾರ್ಮ್ ಬರೀ 5 ಸೀಟು ಗೆದ್ದರೂ 14 ಶೇಕಡಾ ವೋಟು ಎಳೆಯಿತು.

ಥ್ಯಾಚರ್ ಸೂತ್ರ ಕೈ ಕೊಟ್ಟಿದ್ದು ಇಲ್ಲೇ. 1979ರಲ್ಲಿ ಜನ ಅವರ ಮಾತು ನಂಬಿದರು, ಯಾಕಂದ್ರೆ ಹಿಂದೆಯೇ ಕಾನೂನೂ ಬಂತು. ಈಗ ಹದಿನಾಲ್ಕು ವರ್ಷ ಅಬ್ಬರದ ಮಾತು ಕೇಳಿ, ಕೊನೆಗೆ 9 ಲಕ್ಷ ಅನ್ನೋ ಅಂಕಿ ನೋಡಿದ ಮೇಲೆ, ಆ ಮಾತು ಇಷ್ಟವಿದ್ದವರು ಅಸಲಿ ಅಂಗಡಿಗೇ ಹೋದರು. ಆ ಮಾತು ಇಷ್ಟವಿಲ್ಲದ ನಗರದ ಓದಿದವರು ಅದಕ್ಕೂ ಮೊದಲೇ ಎದ್ದು ಹೋಗಿದ್ದರು.

ಈಗ ಅವರ ನಿಲುವು ಏನು? ಲೇಬರ್ ಬಂದರೂ ನಮಗ್ಯಾಕೆ ಸುಲಭ ಆಗ್ಲಿಲ್ಲ?

ಬೇಡನಾಕ್ ವಲಸೆಯಲ್ಲಿ ನಾವು ತಪ್ಪು ಮಾಡಿದೆವು ಅಂತ ಒಪ್ಪಿಕೊಂಡು ಶುರು ಮಾಡಿದರು. ಕಾಯಂ ಪರವಾನಗಿಗೆ 5 ವರ್ಷದ ಬದಲು 10 ವರ್ಷ ಕಾಯಬೇಕು ಅಂತ 2025ರ ಫೆಬ್ರವರಿಯಲ್ಲಿ ಹೇಳಿದರು. ಅಕ್ಟೋಬರ್‌ನಲ್ಲಿ, ಗೆದ್ದರೆ ಯುರೋಪಿಯನ್ ಮಾನವ ಹಕ್ಕು ಒಪ್ಪಂದದಿಂದಲೇ ಹೊರಬರುತ್ತೇವೆ ಅಂದರು. ಆ ಒಪ್ಪಂದ ಕಟ್ಟುವಾಗ ಮುಂದೆ ನಿಂತವರಲ್ಲಿ ಕನ್ಸರ್ವೇಟಿವ್ ವಕೀಲರೇ ಇದ್ದರು, ಚರ್ಚಿಲ್ ಬೆಂಬಲವೂ ಇತ್ತು.

ಲೇಬರ್ ಏನು ಮಾಡಿತು ನೋಡಿ. ಅದೇ 10 ವರ್ಷದ ಮಾತನ್ನು 2025ರ ಮೇನಲ್ಲಿ ತಾನೂ ಆಡಿತು. ಜುಲೈನಲ್ಲಿ ಸಂಬಳದ ಮಿತಿ 41,700 ಪೌಂಡ್‌ಗೆ ಏರಿಸಿತು, ಕೆಲಸದ ಮಟ್ಟ ಮತ್ತೆ ಡಿಗ್ರಿಗೆ ಹೋಯಿತು, ಹೊರಗಿನಿಂದ ಆರೈಕೆ ಕೆಲಸಗಾರರನ್ನು ಕರೆಸೋದು ನಿಂತಿತು. ಇಬ್ಬರೂ ಭಯ ಬಿದ್ದಿರೋದು ಒಬ್ಬನಿಗೇ, ಫರಾಜ್‌ಗೆ. ಐಟಿ ಕಂಪನಿಗಳಿಂದ ತಾತ್ಕಾಲಿಕವಾಗಿ ಬರುವವರಿಗೆ ಮಾತ್ರ ಒಂದು ಸಮಾಧಾನ: 2025ರ ಜುಲೈನಲ್ಲಿ ಸಹಿಯಾದ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದದ ಜೊತೆಗೆ, ಮೂರು ವರ್ಷದವರೆಗೆ ಇಲ್ಲಿನ ಸಾಮಾಜಿಕ ಭದ್ರತೆಯ ಕಂತು ಕಟ್ಟಬೇಕಿಲ್ಲ ಅನ್ನೋ ಮಾತಾಗಿತ್ತು.

ಹಾಗಾದ್ರೆ ಯಾರ ಮಾತು ನಂಬೋದು? ನನ್ನ ಮಗ ಮಾಸ್ಟರ್ಸ್‌ಗೆ ಬರಬೇಕಾ ಬೇಡ್ವಾ?

ಬರಬೇಕಾ ಬೇಡವಾ ಅನ್ನೋದು ನಿಮ್ಮ ಮನೆ ಲೆಕ್ಕ. ಯಾವ ಪಕ್ಷ ಬಂದರೆ ಒಳ್ಳೇದು ಅಂತ ನೋಡಿಕೊಂಡು ಮಾತ್ರ ನಿರ್ಧಾರ ಮಾಡಬೇಡಿ. ಬಾಗಿಲು ಅಗಲ ತೆಗೆದದ್ದೂ, ಮುಚ್ಚಿದ್ದೂ ಒಂದೇ ಪಕ್ಷ ಅಂತ ಮೇಲೆ ನೋಡಿದಿರಿ, ಅದೂ ಮೂರು ವರ್ಷದ ಆಸುಪಾಸಿನಲ್ಲಿ. ನಿಮ್ಮ ಮಗನ ಕೋರ್ಸು, ಆಮೇಲಿನ ಕೆಲಸ ಎರಡೂ ಸೇರಿದರೆ ಅದಕ್ಕಿಂತ ಜಾಸ್ತಿ ಸಮಯ.

ನಾನು ಮಾಡೋದು ಇಷ್ಟು. ಮಂತ್ರಿಗಳ ಭಾಷಣ ಓದೋದು ಬಿಟ್ಟಿದ್ದೇನೆ. ಸರ್ಕಾರಿ ವೆಬ್‌ಸೈಟಿನಲ್ಲಿ ವಲಸೆ ನಿಯಮಗಳ ಬದಲಾವಣೆ ಅಂತ ಆಗಾಗ ಒಂದು ನೀರಸ ದಾಖಲೆ ಬರುತ್ತೆ, ಅದನ್ನು ಓದುತ್ತೇನೆ. ಅದರಲ್ಲಿ ನೋಡಬೇಕಾದ್ದು ಮೂರು: ಸಂಬಳದ ಮಿತಿ ಎಷ್ಟು, ಯಾವ ತಾರೀಖಿನಿಂದ, ಈಗಾಗಲೇ ಇಲ್ಲಿರುವವರಿಗೂ ಅನ್ವಯವಾ. ಓದಿದ ಮೇಲಿನ ಎರಡು ವರ್ಷದ ವೀಸಾ 18 ತಿಂಗಳಿಗೆ ಇಳಿಯಲಿದೆ, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ. ನಿಮ್ಮ ಮಗ ಯಾವ ತಿಂಗಳು ಕೋರ್ಸ್ ಮುಗಿಸುತ್ತಾನೆ ಅಂತ ಮೊದಲು ಲೆಕ್ಕ ಹಾಕಿ. ಸಾಲದ ಕಂತು ಯಾವಾಗ ಶುರು ಅಂತ ಬ್ಯಾಂಕಿನಲ್ಲಿ ಕೇಳಿ, ಆಮೇಲೆ ಮತ್ತೆ ಫೋನ್ ಮಾಡಿ, ಕೂತು ನೋಡೋಣ.